ಲಿನನ್ ರೂಮಿನ ಅಕ್ಕನಿಗೆ, ಮತ್ತೆ ಉಳಿದವರಿಗೆ

ಬೇಕಲದಿಂದ ಉಪ್ಪಳದವರೆಗಿನ ಹೋಟೆಲು ನೌಕರರ ತಲ್ಲೀನತೆ ಸಮೀಕ್ಷೆಯ ಕೊನೆಯ ಫಾರ್ಮು ಮೊನ್ನೆ ಕಂಪ್ಯೂಟರಿಗೆ ಹತ್ತಿತು. ತಲ್ಲೀನತೆ ಅಂದರೆ ಮೈಮರೆತು, ಖುಷಿಯಿಂದ, ಒಳಗಿನ ಹುಮ್ಮಸ್ಸಿನಿಂದ ಕೆಲಸದಲ್ಲಿ ತೊಡಗುವುದು, ಇಂಗ್ಲಿಷಿನ ‘ಫ್ಲೋ’; ಅದು ನೌಕರರಿಗೆ ಎಷ್ಟು ಸಿಗುತ್ತದೆ ಎಂದು ಅಳೆಯಲು ಹೊರಟದ್ದು ನಾವು. ಅನುಮತಿ ಕೊಟ್ಟ ಮ್ಯಾನೇಜರರು, ಕನ್ನಡ, ಮಲಯಾಳ, ಹಿಂದಿಗೆ ಅನುವಾದ ಮಾಡಿದವರು, ಮೂಲ ನೋಡದೆ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿದವರು, ತುಳುವಿನಲ್ಲಿ ಓದಿ ಹೇಳಿದವರು, ಸ್ಟಾಫ್ ಕ್ಯಾಂಟೀನಿನಲ್ಲಿ ಲೆಕ್ಕವಿಲ್ಲದಷ್ಟು ಚಹಾ ಕೊಟ್ಟವರು, ಎಲ್ಲರಿಗೂ ಕೈಮುಗಿದೆವು. ಇನ್ನು ಹಾಸು, ಟವೆಲು ಇಡುವ ಲಿನನ್ ರೂಮಿನ ಅಕ್ಕ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ನಾವು ಹಿಡಿದುಕೊಂಡು ಹೋದದ್ದು ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ಬಾಕರ್ 2008ರಲ್ಲಿ ಪ್ರಕಟಿಸಿದ ‘ವುಲ್ಫ್’ (WOLF), ಕೆಲಸದಲ್ಲಿನ ತಲ್ಲೀನತೆಯ ಅಳತೆಪಟ್ಟಿ. 13 ವಾಕ್ಯ: ಮೈಮರೆಯುವುದಕ್ಕೆ 4, ಕೆಲಸದ ಖುಷಿಗೆ 4, ಒಳಗಿನಿಂದ ಬರುವ ಹುಮ್ಮಸ್ಸಿಗೆ 5. ಕಳೆದ ಎರಡು ವಾರವನ್ನು ನೆನೆದು 1ರಿಂದ 7ರೊಳಗೆ ಗುರುತು ಹಾಕಬೇಕು. ಸಂಬಳ ಕಡಿಮೆಯಾದರೂ ಈ ಕೆಲಸ ಮಾಡುತ್ತೇನೆ ಎಂಬರ್ಥದ ವಾಕ್ಯಕ್ಕೆ ಬಂದಾಗ ಅಕ್ಕ ಪೆನ್ನು ಕೆಳಗಿಟ್ಟರು. “ಇದೆಂತ ಮಾರಾಯ್ರೆ, ಸಂಬಳ ಕಮ್ಮಿ ಮಾಡ್ಲಿಕ್ಕೆ ಒಪ್ಪಿಗೆ ಬರೆಸಿಕೊಳ್ಳುದಾ?”

ಅವರು ಹಾಗೆ ಕೇಳದೆ ಇದ್ದಿದ್ದರೆ ನಾವು ಹೆದರಿಕೆಯನ್ನು ಅಳೆದು ಅದಕ್ಕೆ ಹುಮ್ಮಸ್ಸು ಎಂದು ಹೆಸರಿಡುತ್ತಿದ್ದೆವು. ಆ ವಾಕ್ಯವನ್ನು ಕಿತ್ತುಹಾಕಿದರೆ ಬೇರೆಯವರ ಅಂಕಗಳ ಜೊತೆ ಹೋಲಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಉಳಿಸಿಕೊಂಡು, ಹುಮ್ಮಸ್ಸಿನ ಭಾಗದ ಲೆಕ್ಕವನ್ನು 5 ವಾಕ್ಯಕ್ಕೊಮ್ಮೆ, ಅದನ್ನು ಬಿಟ್ಟು 4ಕ್ಕೊಮ್ಮೆ ಮಾಡಿದೆವು. ‘ಬಿಡುವಿನ ವೇಳೆ’ ಎಂಬಲ್ಲೂ ಅವರೇ ತಡೆದರು. ಬ್ರೇಕ್ ಶಿಫ್ಟಿನವರಿಗೆ ಮಧ್ಯಾಹ್ನ ಮೂರರಿಂದ ಏಳು ಬಿಡುವು. ಆ ಹೊತ್ತಿನಲ್ಲೂ ಕೆಲಸ ಮಾಡಬೇಕೆನಿಸುತ್ತದೆ ಎಂದು ಬರೆದುಕೊಟ್ಟರೆ ನಾಳೆ ಆ ಬಿಡುವೂ ಹೋದೀತು ಎಂದು ಅವರ ಲೆಕ್ಕ. ‘ಮನೆಗೆ ಹೋದ ಮೇಲೆ’ ಎಂದು ಬದಲಿಸಿದ ಮೇಲೆ ಆ ಗೊಂದಲ ಇಳಿಯಿತು.

1ರಿಂದ 7ರವರೆಗಿನ ಏಳು ಮೆಟ್ಟಿಲಿಗೆ ಕೊಟ್ಟ ಶಬ್ದಗಳದ್ದು ಇನ್ನೊಂದು ತಲೆನೋವು. ‘ಕೆಲವೊಮ್ಮೆ’, ‘ಆಗಾಗ’, ‘ಹೆಚ್ಚಾಗಿ’ ಎಲ್ಲವನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ಮಡಚಿಟ್ಟ ಟವೆಲುಗಳ ಮೇಲೆ ಹರಡಿ, ಬಂದ ಬಂದವರ ಹತ್ತಿರ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿರಿ ಅಂದರು ಅಕ್ಕ. ‘ಕೆಲವೊಮ್ಮೆ’ ಮತ್ತು ‘ಆಗಾಗ’ ಪದೇಪದೇ ಜಾಗ ಅದಲುಬದಲಾದವು. ತಜ್ಞರ ಮೇಜಿನಲ್ಲಿ ಸರಿಯೆಂದು ದಾಟಿಬಂದ ಅನುವಾದ ಅದು!

ತಲ್ಲೀನತೆ ಎಲ್ಲಿ ಕಡಿಯುತ್ತದೆ ಎಂಬುದನ್ನೂ ಅವರು ಹಾಸಿಗೆಯ ಪಕ್ಕ ನಿಂತೇ ತೋರಿಸಿದರು. ಕೆಳಹಾಸು ಬೀಸಿದರೆ ನಡುವಿನ ಮಡಿಕೆ ಹಾಸಿಗೆಯ ಮಧ್ಯಗೆರೆಯ ಮೇಲೆ ಒಂದೇ ಸಲಕ್ಕೆ ಬಿದ್ದುಬಿಡಬೇಕು, ಮೂಲೆ 45 ಡಿಗ್ರಿಗೆ ಮಡಚಿ ಒಳಗೆ ಹೋಗಬೇಕು. ಮೂರನೆಯ ರೂಮಿನ ಹೊತ್ತಿಗೆ ಕೈ ತಾನಾಗಿ ನಡೆಯುತ್ತದೆ. ಅಷ್ಟರಲ್ಲಿ ದಿಂಬಿನ ಕವರು ಮುಗಿದು ಪ್ಯಾಂಟ್ರಿಗೆ ಓಡಬೇಕಾಗಿ ಬಂದರೆ, ಇಲ್ಲವೆ ವಾಕಿಟಾಕಿಯಲ್ಲಿ “ರೂಮ್ ರೆಡಿಯಾ?” ಎಂದು ಬಂದರೆ, ಮತ್ತೆ ಮೊದಲಿನಿಂದ. ಇತ್ತ ರಿಸೆಪ್ಶನ್ನಿನವರಿಗೆ ‘ಸುತ್ತಲಿನದ್ದೆಲ್ಲ ಮರೆಯುತ್ತೇನೆ’ ಎಂಬ ವಾಕ್ಯವೇ ಹೊಂದುವುದಿಲ್ಲ. ಅವರ ಕೆಲಸವೇ ಸುತ್ತಲೂ ಕಣ್ಣಿಡುವುದು. ಆದ್ದರಿಂದ ಮೂರು ಭಾಗಗಳನ್ನು ಕೂಡಿಸಿ ಒಂದೇ ಅಂಕ ಮಾಡಿ ವಿಭಾಗ ವಿಭಾಗ ಹೋಲಿಸುವುದನ್ನು ನಾವು ಬಿಟ್ಟೆವು.

ತಲ್ಲೀನತೆಯ ಈ ಕಲ್ಪನೆಯನ್ನು ಕೊಟ್ಟ ಮನಶ್ಶಾಸ್ತ್ರಜ್ಞ ಚಿಕ್‌ಸೆಂಟ್‌ಮಿಹಾಯಿ ಮತ್ತು ತಂಡದವರು 1970ರ ದಶಕದಲ್ಲಿ ಪೇಜರ್ ಬಾರಿಸಿ ಆಗಿಂದಾಗ್ಗೆ ಪ್ರಶ್ನೆ ಕೇಳಿದ್ದರು. ಇಲ್ಲಿ ಕೆಲಸದ ವೇಳೆ ಮೊಬೈಲು ಲಾಕರಿನಲ್ಲಿ. ಅಕ್ಕ ರೂಮ್ ಪಟ್ಟಿಯ ಕ್ಲಿಪ್‌ಬೋರ್ಡಿಗೇ ಚೀಟಿ ಸಿಕ್ಕಿಸಿದರು: ಈಗ ಮಾಡಿದ ಕೆಲಸ ಎಷ್ಟು ಸವಾಲು, ನಿಮ್ಮ ಕೈ ಎಷ್ಟು ಪಳಗಿದೆ, ಎರಡೇ ಗುರುತು, ಒಂದು ಪಾಳಿಗೆ ಮೂರು ಸಲ. ಎಲ್ಲದಕ್ಕೂ 7 ಹಾಕುವವರು ಇದ್ದೇ ಇರುತ್ತಾರೆ. ಅದಕ್ಕೆ ಪ್ರತಿಯೊಬ್ಬರ ಅಂಕವನ್ನು ಅವರವರದೇ ಸರಾಸರಿಯ ಜೊತೆ ಹೋಲಿಸಬೇಕು. ಎರಡೂ ಸರಾಸರಿಗಿಂತ ಮೇಲಿದ್ದ ಕ್ಷಣವನ್ನು ಮಾತ್ರ ತಲ್ಲೀನತೆಯ ಕಡೆಗೆ ಸೇರಿಸಿದೆವು. ಚೆಕ್‌ಔಟ್ ಮುಗಿದು ಚೆಕ್‌ಇನ್ ಶುರುವಾಗುವ ನಡುವಿನ ಹೊತ್ತಿನಲ್ಲಿ ಚೀಟಿ ಕೊಡಬೇಡಿ, ಬರೆಯುವುದಿಲ್ಲ, ಆಮೇಲೆ ನೆನಪಿನಿಂದ ತುಂಬಿಸುತ್ತಾರೆ ಎಂದು ಎಚ್ಚರಿಸಿದವರೂ ಅವರೇ.

ಒಂದು ರಾತ್ರಿಯದ್ದು ಹೇಳದೆ ಮುಗಿಯದು. ಒಂದು ಕಡೆಯ ಫಾರ್ಮುಗಳ ಕಟ್ಟು ಬಿಚ್ಚಿದರೆ ಸಾಲಾಗಿ 6, 6, 6. ‘ವುಲ್ಫ್’ ಪಟ್ಟಿಯಲ್ಲಿ ತಿರುಗುಮುರುಗು ವಾಕ್ಯ, ಅಂದರೆ ಹೌದೆಂದರೆ ತಲ್ಲೀನತೆ ಇಲ್ಲವೆಂದಾಗುವಂಥದ್ದು, ಒಂದೂ ಇಲ್ಲ, ಎಲ್ಲ ಒಳ್ಳೆಯ ಮಾತೇ; ಹಾಗಾಗಿ ಅಂಕ ನೋಡಿ ಕಳ್ಳತನ ಹಿಡಿಯುವುದು ಕಷ್ಟ. ಅಕ್ಕ ಅಂಕ ನೋಡಲೇ ಇಲ್ಲ. ಶಾಯಿಯ ಬಣ್ಣ ನೋಡಿದರು, ಗೀಟಿನ ಓರೆ ನೋಡಿದರು, ಪಾಳಿವಾರು ಎಣಿಸಿದರು. ಲಾಂಡ್ರಿಯ ರಾತ್ರಿ ಪಾಳಿಯಲ್ಲಿ ಇರುವುದು ನಾಲ್ಕು ಜನ, ಫಾರ್ಮು ಒಂಬತ್ತು. ಮೇಲಿನವರೊಬ್ಬರು ಕುಳಿತು ತುಂಬಿಸಿದ್ದರು. ಯಾರೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇಡೀ ಕಟ್ಟನ್ನು ಬದಿಗಿಡುವಾಗ ಅಲ್ಲಿ ಯಾರಿಗೂ ಮಾತು ಬರಲಿಲ್ಲ. ಬಿಟ್ಟುಬಿಡೋಣ ಎಂದದ್ದೂ ಉಂಟು. ಕುಂಬಳೆ ಕಡೆಯ ಕೊನೆಯ ಬಸ್ಸು ಹೋಗಿತ್ತು, ಅಕ್ಕನಿಗೆ ಬೆಳಿಗ್ಗೆ ಆರಕ್ಕೆ ಡ್ಯೂಟಿ. ಅವರು ಎರಡು ಗಂಟೆಯವರೆಗೆ ಲಿನನ್ ರೂಮಿನ ನೆಲದ ಮೇಲೆ ಕುಳಿತು ಒಳ್ಳೆಯ ಫಾರ್ಮು ಬೇರೆ, ಸಂಶಯದ್ದು ಬೇರೆ ಮಾಡಿದರು. ಕೆಲಸದಲ್ಲಿ ಮೈಮರೆಯುವುದನ್ನು ಅಳೆಯಲು ಹೋದವರು ನಾವು. ಅವರ ನಿದ್ದೆಯನ್ನು ಯಾವ ಕಾಲಮಿನಲ್ಲಿ ಬರೆದೆವು? ಈಗಲೂ ಅದು ಚುಚ್ಚುತ್ತದೆ.

ಮರುದಿನದಿಂದ ಬೀಗ ಹಾಕಿದ ಡಬ್ಬ, ಹೆಸರಿಲ್ಲದ ಲಕೋಟೆ. ಡಬ್ಬವನ್ನು ಸೂಪರ್‌ವೈಸರ್ ಕೋಣೆಯಲ್ಲಿ ಅಲ್ಲ, ಕ್ಯಾಂಟೀನಿನ ಕೈತೊಳೆಯುವ ಜಾಗದ ಪಕ್ಕ ಇಟ್ಟದ್ದು. ಅದೂ ಅಕ್ಕನದೇ ಸಲಹೆ.

ಫಲಿತಾಂಶವನ್ನು ಮೊದಲು ನೌಕರರಿಗೇ ಹೇಳುತ್ತೇವೆ, ಕ್ಯಾಂಟೀನಿನಲ್ಲಿ, ಕನ್ನಡ, ಮಲಯಾಳ, ತುಳು, ಹಿಂದಿಯಲ್ಲಿ. ಬುಧವಾರ ಎಂದಿತ್ತು. ಬುಧವಾರ ಅಕ್ಕನಿಗೆ ವಾರದ ರಜೆ. ಗುರುವಾರಕ್ಕೆ ಬದಲಿಸಿದ್ದೇವೆ, ಮಧ್ಯಾಹ್ನ ಮೂರೂವರೆಗೆ.