ಪ್ಲಸ್ ಟು ಮುಗಿಸಿದ ಮಕ್ಕಳ ವಿದ್ಯಾರ್ಥಿವೇತನ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಪರೀಕ್ಷೆ ಮುಗಿಯಿತು. ಇನ್ನು ಫಲಿತಾಂಶ ಬರುವ ತನಕ ಮನೆಮನೆಯಲ್ಲೂ ಒಂದೇ ಮಾತು: ಮಗು ಮುಂದೆ ಕಾಸರಗೋಡಿನಲ್ಲೋ, ಮಂಗಳೂರಿನಲ್ಲೋ? ಬಸ್ಸು, ಹಾಸ್ಟೆಲ್, ಫೀಸು ಎಲ್ಲ ಲೆಕ್ಕ ಹಾಕುತ್ತೀರಿ. ವಿದ್ಯಾರ್ಥಿವೇತನ ಮಾತ್ರ ಸೀಟು ಸಿಕ್ಕಿದ ಮೇಲೆ ನೆನಪಾಗುತ್ತದೆ. ಅದನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ ಎಂದು ಹೇಳಲಿಕ್ಕೆ ಈ ಪತ್ರ. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಕೆಲವು ವಿದ್ಯಾರ್ಥಿವೇತನ ಜೊತೆಗೆ ಬರುತ್ತವೆ, ಕೆಲವು ಇಲ್ಲೇ ಉಳಿಯುತ್ತವೆ.

ಜೊತೆಗೆ ಬರುವುದರಲ್ಲಿ ಮೊದಲನೆಯದು ಕೇಂದ್ರ ಸರ್ಕಾರದ ಕಾಲೇಜು ವಿದ್ಯಾರ್ಥಿವೇತನ, ಪಿಎಂ-ಯುಎಸ್‌ಪಿ. ಪದವಿಯ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿರಬೇಕು. ದೇಶದಲ್ಲಿ ವರ್ಷಕ್ಕೆ 82,000 ಮಕ್ಕಳಿಗೆ ಕೊಡುತ್ತಾರೆ, ಅರ್ಧ ಹೆಣ್ಣುಮಕ್ಕಳಿಗೆ. “ಮಾಷ್ಟ್ರೇ, ಇದೆಲ್ಲ ರ‍್ಯಾಂಕ್ ಬಂದವರಿಗೆ ಅಲ್ವಾ?” ಎಂದು ಕೇಳುವವರು ಜಾಸ್ತಿ. ಅಲ್ಲ. ನಮ್ಮ ಬೋರ್ಡಿನಲ್ಲಿ ಅದೇ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ಐದನೇ ಒಂದು ಭಾಗದಲ್ಲಿ ನಿಮ್ಮ ಮಗು ಇದ್ದರೆ ಅರ್ಜಿ ಹಾಕಬಹುದು. ಸೈನ್ಸ್, ಕಾಮರ್ಸ್, ಆರ್ಟ್ಸ್ ಮಕ್ಕಳಿಗೆ 3:2:1 ರ ಲೆಕ್ಕದಲ್ಲಿ ಬೇರೆಬೇರೆಯಾಗಿ ಹಂಚುತ್ತಾರೆ. ಹಾಗಾಗಿ ಆರ್ಟ್ಸ್ ಓದಿದ ಮಗುವಿಗೆ ಸ್ಪರ್ಧೆ ಆರ್ಟ್ಸ್ ಮಕ್ಕಳ ಜೊತೆಗೇ. ಮುಂದಿನ ವರ್ಷವೂ ಸಿಗಬೇಕಾದರೆ ಶೇಕಡಾ 50 ಅಂಕ, ಶೇಕಡಾ 75 ಹಾಜರಾತಿ ಬೇಕು. ಇನ್ನೊಂದು ವಿಷಯ, ಇದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಯಾವುದರಲ್ಲಿ ಮೊತ್ತ ಜಾಸ್ತಿ ಎಂದು ನೋಡಿ ಆರಿಸಿಕೊಳ್ಳಿ.

ಇಲ್ಲೇ ಉಳಿಯುವುದರಲ್ಲಿ ಮುಖ್ಯವಾದದ್ದು ಕೇರಳ ಉನ್ನತ ಶಿಕ್ಷಣ ಪರಿಷತ್ತಿನದ್ದು. ಮೊದಲ ವರ್ಷ 12,000, ಎರಡನೇ ವರ್ಷ 18,000, ಮೂರನೇ ವರ್ಷ 24,000. ಇದು ಕೇರಳದ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಓದುವವರಿಗೆ. ವಿದ್ಯಾನಗರದ ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಕಾಲೇಜು, ಎರಡೂ ಮನೆಯಿಂದ ಹೋಗಿ ಬರುವಷ್ಟು ಹತ್ತಿರ. ಮಂಗಳೂರಿನ ಖಾಸಗಿ ಕಾಲೇಜಿನ ಫೀಸಿನ ಪಕ್ಕದಲ್ಲಿ ಈ ಅಂಕಿ ಬರೆದು ನೋಡಿ, ಆಮೇಲೆ ತೀರ್ಮಾನ ಮಾಡಿ. ಮಂಗಳೂರು ಬೇಡ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಇರುವ ಕೋರ್ಸು ಇಲ್ಲಿ ಇಲ್ಲದಿದ್ದರೆ ಹೋಗಲೇಬೇಕು. ಆದರೆ ಗೆಳತಿ ಹೋಗುತ್ತಾಳೆ ಎಂದು ಹೋಗುವುದು ಬೇರೆ.

ಕೆಲವರಿಗೆ ಇನ್ನೊಂದು ನಂಬಿಕೆ ಇದೆ. ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ಸಿಇಟಿ ಸೀಟಿಗೆ ಅರ್ಹತೆ ಇದೆ, ಹಾಗಾದರೆ ಅಲ್ಲಿನ ವಿದ್ಯಾರ್ಥಿವೇತನವೂ ಸಿಗುತ್ತದೆ ಎಂದು. ಸೀಟಿನ ನಿಯಮ ಬೇರೆ, ದುಡ್ಡಿನ ನಿಯಮ ಬೇರೆ. ಕರ್ನಾಟಕ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಕೊಡುವ ವಿದ್ಯಾರ್ಥಿವೇತನ ಕರ್ನಾಟಕದ ನಿವಾಸಿಗಳಿಗೆ.

ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ಮಕ್ಕಳು ಕೇರಳ ಸರ್ಕಾರದ ನೆರವಾದ ಇ-ಗ್ರಾಂಟ್ಸ್ ಬಿಡಬೇಡಿ. ಇಂಜಿನಿಯರಿಂಗ್ ಸೇರುವ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ಇದೆ: ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಸಿಗುತ್ತದೆ.

ಈಗ ಕಾಗದಪತ್ರದ ವಿಷಯ. ಅಂಕ ಇದ್ದೂ ದುಡ್ಡು ಬಾರದ ಮಕ್ಕಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಕಾರಣ ಹೆಚ್ಚಾಗಿ ಹೆಸರು, ಇಲ್ಲವೇ ಬ್ಯಾಂಕ್ ಖಾತೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ‘ದಿವ್ಯಾ ಕೆ.’ ಎಂದಿರುತ್ತದೆ. ಆಧಾರಿನಲ್ಲಿ ಕೆ. ಇರುವುದೇ ಇಲ್ಲ, ಅಥವಾ ಅಪ್ಪನ ಪೂರ್ತಿ ಹೆಸರು ಸೇರಿರುತ್ತದೆ. ಇಂಗ್ಲಿಷಿನಲ್ಲಿ ಒಂದು ಕಡೆ ಎರಡು ‘ಎ’, ಇನ್ನೊಂದು ಕಡೆ ಒಂದೇ. ನಮಗೆ ಅದು ದೊಡ್ಡ ವಿಷಯ ಅನ್ನಿಸುವುದಿಲ್ಲ, ಕಂಪ್ಯೂಟರು ಮಾತ್ರ ಒಪ್ಪುವುದಿಲ್ಲ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ವ್ಯತ್ಯಾಸ ಇದ್ದರೆ ಆಧಾರನ್ನು ಈ ರಜೆಯಲ್ಲೇ ಸರಿ ಮಾಡಿಸಿ. ಜುಲೈಯಲ್ಲಿ ಸರ್ಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದ ಮುಂದೆ ಮಳೆಯಲ್ಲಿ ಕ್ಯೂ ನಿಲ್ಲುವುದಕ್ಕಿಂತ ಇದು ಸುಲಭ.

ಖಾತೆಯೂ ಹಾಗೆಯೇ. ಪ್ರೈಮರಿಯಲ್ಲಿದ್ದಾಗ ತೆರೆದ ಖಾತೆ ಎಷ್ಟೋ ಸಲ ಸತ್ತು ಹೋಗಿರುತ್ತದೆ. ವಿದ್ಯಾರ್ಥಿವೇತನದ ದುಡ್ಡು ಆಧಾರ್ ಜೋಡಣೆಯಾದ ಖಾತೆಗೆ ಬೀಳುವುದು, ನೀವು ಪಾಸ್‌ಬುಕ್ ತೋರಿಸಿದ ಖಾತೆಗೇ ಬೀಳುತ್ತದೆ ಎಂದೇನಿಲ್ಲ. ಬ್ಯಾಂಕಿಗೆ ಹೋಗಿ “ಡಿಬಿಟಿಗೆ ಆಧಾರ್ ಸೀಡ್ ಆಗಿದೆಯಾ?” ಎಂದು ಕೇಳಿ. ಡಿಬಿಟಿ ಎಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದು. ಸುಮ್ನೆ “ಆಧಾರ್ ಕೊಟ್ಟಿದ್ದೇವೆ” ಎಂದರೆ ಸಾಲದು. ಆದಾಯ ಸರ್ಟಿಫಿಕೇಟು ವಿಲೇಜ್ ಆಫೀಸಿನಿಂದ ಬರಬೇಕು, ಅರ್ಜಿ ಅಕ್ಷಯದಲ್ಲಿ ಹಾಕಬಹುದು. ಮಲಯಾಳದಲ್ಲಿ ಬಂದ ಕಾಗದ ಅರ್ಥವಾಗದಿದ್ದರೆ ಸಂಕೋಚ ಬೇಡ, ಶಾಲೆಗೆ ತನ್ನಿ, ನಮ್ಮಲ್ಲಿ ಓದಿ ಹೇಳುವವರಿದ್ದಾರೆ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಮೊದಲು ಒಂದು ಸಲದ ನೋಂದಣಿ ಆಗಬೇಕು, ಅದಕ್ಕೆ ಒಟಿಆರ್ ಎನ್ನುತ್ತಾರೆ. ಅದರ ನಂಬರು ಬರೆದಿಟ್ಟುಕೊಳ್ಳಿ, ವರ್ಷ ವರ್ಷ ಬೇಕಾಗುತ್ತದೆ. ಅರ್ಜಿ ಹಾಕಿದ ಮೇಲೆ ಕಾಲೇಜಿನವರು ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ಕಳಿಸಿದರಾ ಎಂದು ಆಫೀಸಿನಲ್ಲಿ ವಿಚಾರಿಸುವುದು ಮಕ್ಕಳ ಕೆಲಸ. ಸರ್ಕಾರ ಅರ್ಜಿಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ. “ಸ್ಕಾಲರ್‌ಶಿಪ್ ಪಾಸಾಗಿದೆ, ಒಟಿಪಿ ಹೇಳಿ” ಎಂದು ಫೋನ್ ಬಂದರೆ ಇಟ್ಟುಬಿಡಿ.

ನನಗೆ ಇದಕ್ಕಿಂತ ಆಸೆ ಇರುವುದು ಸಂಶೋಧನೆಯ ಅವಕಾಶಗಳ ಮೇಲೆ. ನಮ್ಮ ಕಡೆ ಬಿಎಸ್ಸಿ ಎಂದರೆ ಏನೂ ಸಿಗದವರು ಓದುವುದು ಎಂಬ ಮಾತಿದೆ. ಬೋರ್ಡಿನ ಮೊದಲ ಶೇಕಡಾ 1 ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿ ಇದೆ. ಅದರಲ್ಲಿ 60,000 ಕೈಗೆ, 20,000 ಬೇಸಿಗೆ ಪ್ರಾಜೆಕ್ಟಿಗೆ. ಕೆವಿಪಿವೈ ಎಂಬ ಹಳೆಯ ವಿಜ್ಞಾನ ಫೆಲೋಶಿಪ್ಪಿನ ಬಗ್ಗೆ ಈಗಲೂ ಕೇಳುವವರಿದ್ದಾರೆ, ಅದು 2022 ರಲ್ಲಿ ಇದರೊಳಗೆ ಸೇರಿಹೋಯಿತು.

ಶೇಕಡಾ 1 ರೊಳಗೆ ಬಾರದವರಿಗೂ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ಪಿನಲ್ಲಿ ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೆಲಸ. ಸ್ಟೈಪೆಂಡೂ ಕೊಡುತ್ತಾರೆ, ರೈಲಿನ ಖರ್ಚೂ ಕೊಡುತ್ತಾರೆ. ಅಂಕದ ಜೊತೆಗೆ ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಬೇಕು, ಹಾಗಾಗಿ ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಅಡಗಿ ಕೂತವರಿಗೆ ಕಷ್ಟ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಎನ್‌ಐಯುಎಸ್ ವಿಜ್ಞಾನ ಶಿಬಿರವೂ ಪದವಿ ಮಕ್ಕಳಿಗೇ ಇರುವುದು, ನೇತ್ರಾವತಿ ರೈಲು ಹತ್ತಿದರೆ ಮುಂಬೈ ತಲುಪುತ್ತದೆ. ಇಲ್ಲೇ ನೋಡಿದರೆ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ. 1916 ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಜಾಗ. ನಮ್ಮ ತೋಟದ ತೆಂಗು, ಅಡಿಕೆಯ ಮೇಲೆ ಕೆಲಸ ಮಾಡುವ ವಿಜ್ಞಾನಿಗಳು ಕೂಗಳತೆಯಲ್ಲಿದ್ದಾರೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಆರ್ಟ್ಸ್ ಮಕ್ಕಳಿಗೆ ಇಂಥ ಅವಕಾಶ ಕಡಿಮೆ, ಅದು ಅನ್ಯಾಯವೇ.

ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ. ಇಂಥ ಅವಕಾಶ ಬಂದಾಗ ಗಂಡುಮಕ್ಕಳಿಗೆ ಬ್ಯಾಗು ಕಟ್ಟುತ್ತೀರಿ, ಹೆಣ್ಣುಮಕ್ಕಳಿಗೆ “ಅಷ್ಟು ದೂರ ಒಬ್ಬಳೇ ಯಾಕೆ?” ಎನ್ನುತ್ತೀರಿ. ಆಯ್ಕೆ ಪತ್ರ ನೋಡಿ, ಉಳಿಯುವ ವ್ಯವಸ್ಥೆ ಏನೆಂದು ಫೋನ್ ಮಾಡಿ ವಿಚಾರಿಸಿ, ಮೊದಲ ಸಲ ಬೇಕಾದರೆ ನೀವೇ ಬಿಟ್ಟು ಬನ್ನಿ. ಆದರೆ ಕಳಿಸಿ.

ನಾಲ್ಕು ವರ್ಷದ ಪದವಿ ಯಾಕೆ ಎಂದೂ ಹಲವರು ಕೇಳುತ್ತೀರಿ. ಕೇರಳದಲ್ಲಿ 2024 ರಿಂದ ಅದೇ ಕ್ರಮ. ಮೂರು ವರ್ಷಕ್ಕೆ ಮುಗಿಸಿ ಹೊರಬರಬಹುದು. ನಾಲ್ಕನೇ ವರ್ಷವನ್ನೂ ಶೇಕಡಾ 75 ಅಂಕದೊಂದಿಗೆ ಮುಗಿಸಿದವರು ಎಂಎ, ಎಂಎಸ್ಸಿ ಮಾಡದೆಯೇ ಸಂಶೋಧನೆಗೆ ಅರ್ಹತೆ ಕೊಡುವ ನೆಟ್ ಪರೀಕ್ಷೆ ಬರೆಯಬಹುದು. ಜೆಆರ್‌ಎಫ್ ಸಿಕ್ಕಿದರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಇದು ಆರ್ಟ್ಸ್ ಮಕ್ಕಳಿಗೂ ಇದೆ.

ಫಲಿತಾಂಶ ಬಂದ ಮೇಲಿನ ಮೊದಲ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಸೇರೋಣ. ಮಗುವನ್ನು ಕರೆದುಕೊಂಡು ಬನ್ನಿ. ಆಧಾರ್, ಎಸ್ಸೆಸ್ಸೆಲ್ಸಿ ಪುಸ್ತಕ, ರೇಷನ್ ಕಾರ್ಡು, ಪಾಸ್‌ಬುಕ್, ಆಧಾರಿಗೆ ಜೋಡಿಸಿದ ನಂಬರಿನ ಫೋನು ಜೊತೆಗಿರಲಿ. ಫೋನು ಅಪ್ಪನ ಕೈಯಲ್ಲಿದ್ದು ಅಪ್ಪ ಗಲ್ಫಿನಲ್ಲಿದ್ದರೆ, ಒಟಿಪಿ ಹೇಳಲಿಕ್ಕೆ ಆ ಹೊತ್ತಿಗೆ ಸಿಗುವಂತೆ ಮೊದಲೇ ತಿಳಿಸಿಡಿ.

ಇತಿ,
ಪ್ರಾಂಶುಪಾಲ