ಇಂಗ್ಲಿಷ್ ಪಾಠದಲ್ಲಿ ತುಳುವಿಗೂ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ಕಟಪಾಡಿಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಪದವಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿದ್ದೆ, ಆಮೇಲೆ ಹೊಟ್ಟೆಪಾಡಿಗೆ ಒದಗಿದ್ದು ಕತ್ತರಿ. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ಕಳೆದ ವಾರ ಅವಳು ಕಿರುಪರೀಕ್ಷೆಯ ಇಂಗ್ಲಿಷ್ ಉತ್ತರಪತ್ರಿಕೆಯನ್ನು ತಂದು ಹೊಲಿಗೆ ಯಂತ್ರದ ಮೇಲಿಟ್ಟು ಸುಮ್ಮನೆ ನಿಂತಳು. ಕ್ರಿಯಾಪದಕ್ಕೆ ಅಡಿಗೆರೆ ಎಳೆದು ಕಾಲವನ್ನು ಬರೆಯಬೇಕಾದ ಐದು ವಾಕ್ಯಗಳಲ್ಲಿ ನಾಲ್ಕು ತಪ್ಪಾಗಿದ್ದವು.

ಒಂದು ವಾಕ್ಯ ‘ಶಿ ಕಟ್ ದ ಕ್ಲಾತ್’. ಮಗಳು ವರ್ತಮಾನಕಾಲ ಎಂದು ಬರೆದಿದ್ದಳು. ಯಾಕೆ ಎಂದು ಕೇಳಿದೆ. ‘ಕೊನೆಯಲ್ಲಿ ಇ-ಡಿ ಇಲ್ಲ, ಯೆಸ್ಟರ್ಡೇ ಎಂಬ ಪದವೂ ಇಲ್ಲ’ ಎಂದಳು. ಸರಿಯುತ್ತರ ಭೂತಕಾಲ. ಆದರೆ ಅದು ಹೇಗೆ ಎಂದು ತರಗತಿಯಲ್ಲಿ ಯಾರೂ ಬಿಡಿಸಿ ಹೇಳಿಲ್ಲ, ನೆನಪಿಟ್ಟುಕೊಳ್ಳಿ ಎಂದಷ್ಟೇ ಹೇಳಿದ್ದಾರೆ. ಮೇಜಿನ ಮೇಲಿದ್ದ ರವಿಕೆ ಬಟ್ಟೆಯನ್ನು ಕೈಗೆತ್ತಿಕೊಂಡು ಅವಳನ್ನು ಕೂರಿಸಿಕೊಂಡೆ. ‘ಅವಳು ದಿನಾ ಬಟ್ಟೆ ಕತ್ತರಿಸುತ್ತಾಳೆ’ ಎನ್ನಬೇಕಾದರೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ‘ಶಿ ಕಟ್ಸ್’. ಹಾಗಾದರೆ ಪ್ರಶ್ನೆಯ ವಾಕ್ಯದಲ್ಲಿ ಆ ‘ಎಸ್’ ಎಲ್ಲಿ ಹೋಯಿತು? ಇಲ್ಲ. ಕರ್ತೃ ಏಕವಚನದ ‘ಶಿ’ ಆಗಿದ್ದೂ ‘ಎಸ್’ ಇಲ್ಲವೆಂದರೆ ಅದು ವರ್ತಮಾನವಾಗಲು ಸಾಧ್ಯವಿಲ್ಲ, ಕತ್ತರಿಸಿ ಮುಗಿದಿದೆ. ಮಗಳ ಮುಖ ಅರಳಿತು. ‘ಐ ಕಟ್’ ಎಂದಿದ್ದರೆ ಹೀಗೆ ತಿಳಿಯುತ್ತಿರಲಿಲ್ಲ ಅಲ್ಲವೇ ಎಂದು ಅವಳೇ ಕೇಳಿದಳು. ತಿಳಿಯುತ್ತಿರಲಿಲ್ಲ, ಆಗ ಹಿಂದುಮುಂದಿನ ವಾಕ್ಯಗಳನ್ನು ನೋಡಬೇಕು.

ಇನ್ನೊಂದು ‘ದ ಬರ್ನಿಂಗ್ ಲ್ಯಾಂಪ್ ಫೆಲ್’. ಮಗಳು ‘ಬರ್ನಿಂಗ್’ ಪದಕ್ಕೆ ಗೆರೆ ಎಳೆದಿದ್ದಳು, ಏಕೆಂದರೆ ‘ಇಂಗ್’ ಕಂಡರೆ ನಡೆಯುತ್ತಿರುವ ಕ್ರಿಯೆ ಎಂದು ಕಲಿಸಲಾಗಿದೆ. ಅದೇ ಹುಡುಗಿ ಕನ್ನಡ ಪಾಠದಲ್ಲಿ ‘ಉರಿಯುತ್ತಿರುವ ದೀಪ ಬಿದ್ದಿತು’ ಎಂಬಲ್ಲಿ ಕಣ್ಣು ಮುಚ್ಚಿ ‘ಬಿದ್ದಿತು’ ಎನ್ನುತ್ತಾಳೆ. ‘ಉರಿಯುತ್ತಿರುವ’ ಎಂಬುದು ಕೃದಂತ, ಅಂದರೆ ಕ್ರಿಯಾಧಾತುವಿನಿಂದ ಹುಟ್ಟಿದ ಪದ, ದೀಪಕ್ಕೆ ವಿಶೇಷಣ, ಅಲ್ಲಿಗೆ ವಾಕ್ಯ ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತು. ಒಂದು ಪೀರಿಯಡ್ಡಿನಲ್ಲಿ ಗೊತ್ತಿರುವುದು ಮುಂದಿನ ಪೀರಿಯಡ್ಡಿಗೆ ದಾಟಿ ಬರುವುದಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಮಕ್ಕಳಿಗೆ ಸಿಗುವುದು ಇಂಗ್ಲಿಷಿನ ಕಾಲರೂಪಗಳನ್ನು ತುಂಬಿದ ಹನ್ನೆರಡು ಚೌಕದ ಒಂದು ಪಟ್ಟಿ, ಜೊತೆಗೆ ಸುಳಿವಿನ ಪದಗಳು: ಯೆಸ್ಟರ್ಡೇ ಇದ್ದರೆ ಭೂತ, ನೌ ಇದ್ದರೆ ವರ್ತಮಾನ, ಟುಮಾರೋ ಇದ್ದರೆ ಭವಿಷ್ಯತ್. ‘ದ ಬಸ್ ಲೀವ್ಸ್ ಟುಮಾರೋ’ ಎಂಬ ವಾಕ್ಯ ಬಂದರೆ ಈ ಸುಳಿವು ಕೈಕೊಡುತ್ತದೆ. ಕ್ರಿಯಾಪದದ ರೂಪ ವರ್ತಮಾನದ್ದು, ಅರ್ಥ ನಾಳೆಯದು. ನಾವೂ ‘ಬಸ್ಸು ನಾಳೆ ಹೊರಡುತ್ತದೆ’ ಎನ್ನುವುದಲ್ಲದೆ ‘ಹೊರಡುವುದು’ ಎಂದು ಎಷ್ಟು ಸಲ ಹೇಳುತ್ತೇವೆ? ಇಂಗ್ಲಿಷ್ ಕ್ರಿಯಾಪದ ತಾನಾಗಿ ರೂಪ ಬದಲಿಸುವುದು ವರ್ತಮಾನಕ್ಕೆ ಮತ್ತು ಭೂತಕ್ಕೆ ಮಾತ್ರ, ಭವಿಷ್ಯಕ್ಕೆ ‘ವಿಲ್’ ಮುಂತಾದವುಗಳ ನೆರವು ಬೇಕು. ‘ಶಿ ಡಿಡ್ ನಾಟ್ ಕಮ್’ ಎಂಬಲ್ಲಿ ಕಾಲವನ್ನು ಹೊತ್ತಿರುವುದು ‘ಡಿಡ್’, ‘ಕಮ್’ ಅಲ್ಲ. ಇದನ್ನು ಒಂದು ಸಲ ತೋರಿಸಿಕೊಟ್ಟರೆ ಮಕ್ಕಳಿಗೆ ಸಾಕು.

‘ಇವಳು ನನ್ನ ತಂಗಿ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ನಮ್ಮ ಮಕ್ಕಳು ‘ಶಿ ಮೈ ಸಿಸ್ಟರ್’ ಎಂದು ಬರೆಯುವುದು ಆ ಅಭ್ಯಾಸದಿಂದಲೇ. ದಡ್ಡತನವೆಂದು ಬೈಯುವ ಬದಲು, ನಮ್ಮಲ್ಲಿ ಖಾಲಿ ಬಿಡುವ ಜಾಗವನ್ನು ಇಂಗ್ಲಿಷ್ ‘ಇಸ್’ ಹಾಕಿ ತುಂಬುತ್ತದೆ ಎಂದು ಹೇಳಿಕೊಡಬಹುದಲ್ಲವೇ?

ಇನ್ನು ತುಳುವಿನ ವಿಚಾರ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು. ‘ಹಿ ಕೇಮ್’ ಮತ್ತು ‘ಹಿ ಹ್ಯಾಸ್ ಕಮ್’ ಇವುಗಳ ಭೇದ ಮಗಳಿಗೆ ಏನು ಮಾಡಿದರೂ ಹತ್ತುತ್ತಿರಲಿಲ್ಲ. ಮನೆಯಲ್ಲಿ ನಾವು ಆಡುವುದು ತುಳು. ‘ಆಯೆ ಬತ್ತೆ’ ಎಂದರೆ ಏನು, ‘ಆಯೆ ಬೈದೆ’ ಎಂದರೆ ಏನು ಎಂದು ಕೇಳಿದೆ. ‘ಬತ್ತೆ ಎಂದರೆ ಬಂದ. ಬೈದೆ ಎಂದರೆ ಬಂದಿದ್ದಾನೆ, ಈಗ ಇಲ್ಲೇ ಇದ್ದಾನೆ’ ಎಂದು ತಡವರಿಸದೆ ಹೇಳಿದಳು. ಪುಸ್ತಕದಲ್ಲಿ ಎರಡು ಪುಟ ಹಿಡಿದ ವಿವರಣೆ ಅವಳ ನಾಲಗೆಯ ಮೇಲೆ ಮೊದಲೇ ಇತ್ತು. ಎರಡು ಭಾಷೆಗಳ ಬಳಕೆ ಎಲ್ಲ ಕಡೆಯೂ ತಾಳೆಯಾಗುವುದಿಲ್ಲ, ‘ಹ್ಯಾಸ್ ಕಮ್’ ಜೊತೆಗೆ ‘ಯೆಸ್ಟರ್ಡೇ’ ಸೇರದು ಎಂಬುದನ್ನು ಬೇರೆಯಾಗಿಯೇ ಕಲಿಯಬೇಕಾಗುತ್ತದೆ. ಆದರೂ ಬಾಗಿಲು ತೆರೆದದ್ದು ತುಳುವಿನಿಂದ.

ಅಂಥ ಭಾಷೆಯನ್ನು ತರಗತಿಯಲ್ಲಿ ಆಡಿದರೆ ಮಕ್ಕಳನ್ನು ಎದ್ದು ನಿಲ್ಲಿಸುತ್ತಾರೆಂದು ಮಗಳು ಹೇಳಿದಾಗ ನನಗೆ ಬಹಳ ನೋವಾಯಿತು. 1872ರಷ್ಟು ಹಿಂದೆಯೇ ಬಾಸೆಲ್ ಮಿಶನ್ನಿನ ಪಾದ್ರಿ ಬ್ರಿಗೆಲ್ ಅವರು ಇಂಗ್ಲಿಷಿನಲ್ಲಿ ತುಳು ವ್ಯಾಕರಣ ಬರೆದು ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದ್ದರು. ಇಂಗ್ಲಿಷಿನ ಮೂಲಕ ತುಳುವಿನ ಕ್ರಿಯಾಪದಗಳನ್ನು ವಿವರಿಸಬಹುದಾದರೆ, ತುಳುವಿನ ಮೂಲಕ ಇಂಗ್ಲಿಷಿನದನ್ನು ವಿವರಿಸಲು ಅಡ್ಡಿಯೇನು? ಕುಂದಾಪುರದ ಕಡೆಯ ಮಕ್ಕಳಿಗೆ ಅಲ್ಲಿಯ ಕನ್ನಡ, ಕೊಂಕಣಿ, ಬ್ಯಾರಿ ಮನೆಗಳ ಮಕ್ಕಳಿಗೆ ಅವರವರ ಮಾತು ಇದ್ದೇ ಇದೆ.

ಉಡುಪಿ ಮತ್ತು ದಕ್ಷಿಣ ಕನ್ನಡದ ಪ್ರೌಢಶಾಲೆಗಳ ಇಂಗ್ಲಿಷ್ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೆ. ಕಾಲಗಳನ್ನು ಕಲಿಸುವ ವಾರದಲ್ಲಾದರೂ ಮಕ್ಕಳಿಗೆ ಮನೆಮಾತಿನಲ್ಲಿ ವಾಕ್ಯ ಹೇಳಲು ಬಿಡಿ. ಪ್ರಶ್ನೆಪತ್ರಿಕೆಯಲ್ಲಿ ಕಾಲದ ಹೆಸರಿನ ಕೆಳಗೆ ಇನ್ನೊಂದು ಸಾಲು ಖಾಲಿ ಬಿಟ್ಟು, ಅದನ್ನು ಹೇಗೆ ಗುರುತಿಸಿದೆ ಎಂದು ಕನ್ನಡದಲ್ಲಿ ಬರೆಯಲು ಹೇಳಿ. ಮಗಳು ಕಳೆದುಕೊಂಡ ಅಂಕಗಳನ್ನು ನಾನು ಮರಳಿ ಕೇಳುತ್ತಿಲ್ಲ. ‘ಎಸ್ ಇಲ್ಲ, ಆದ್ದರಿಂದ ಭೂತಕಾಲ’ ಎಂದು ಅವಳು ಬರೆದರೆ ಆ ಸಾಲಿಗೆ ಅರ್ಧ ಅಂಕ ಕೊಡಿ.

– ಓದುಗಳೊಬ್ಬಳು, ಕಟಪಾಡಿ, ಉಡುಪಿ ಜಿಲ್ಲೆ