ಲೋ ಸೀನಾ, ಹೋಮ್‌ವರ್ಕ್ ಕೊಡಲ್ಲ ಅಂತ ಸ್ಕೂಲು ಬಿಡಿಸ್ಬೇಡ ಕಣೋ

ಲೋ ಸೀನಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿಸ್ಕೊಂಡೆ, ಅಂಗಡೀಲಿ ರಶ್ ಇತ್ತು ಅದಕ್ಕೆ ಆಗ್ಲೇ ಉತ್ರ ಕೊಡೋಕೆ ಆಗ್ಲಿಲ್ಲ. ಒಂದನೇ ಕ್ಲಾಸಿಗೆ ಹೋಮ್‌ವರ್ಕೇ ಕೊಡಲ್ಲ ಅಂತ ಚಿನ್ನುನ ಬೇರೆ ಸ್ಕೂಲಿಗೆ ಹಾಕ್ಬೇಕು ಅಂತಿದ್ದೀಯ, ಎದುರುಮನೆ ಮಗು ದಿನಾ ಪೇಜುಗಟ್ಲೆ ಬರೀತದೆ ನಮ್ಮದು ಸೈಕಲ್ ತುಳ್ಕೊಂಡು ಬೀದಿ ಸುತ್ತತದೆ ಅಂತ ನಿನ್ನ ಹೆಂಡ್ತಿ, ನಮ್ಮ ತಂಗಿ ಬೇರೆ ಬೇಜಾರು ಮಾಡ್ಕೊಂಡಿದ್ದಾಳೆ. ಇಷ್ಟು ಫೀಸ್ ಕಟ್ಟಿಸ್ಕೊಂಡು ಏನೂ ಮಾಡ್ಸಲ್ಲ ಅಂತ ನೀನು ಬೈದಿದ್ದು ಕೇಳಿ ನಗು ಬಂತು, ಯಾಕಂದ್ರೆ ಇದೇ ಮಾತನ್ನ ನಮ್ಮ ಶಿಡ್ಲಘಟ್ಟದಲ್ಲೂ ಯಾರಾದ್ರೂ ಒಬ್ರು ನನ್ನ ಕೌಂಟರ್ ಮೇಲೆ ಮೊಣಕೈ ಊರ್ಕೊಂಡು ಹೇಳ್ತಾನೇ ಇರ್ತಾರೆ.

ಬಿಡಿಸ್ಬೇಡ. ನನ್ನ ಉತ್ರ ಅಷ್ಟೇ. ಕೆಲಸ ಇದ್ರೆ ಇಲ್ಲಿಗೇ ನಿಲ್ಸು, ಟೈಮ್ ಇದ್ರೆ ಮುಂದೆ ಓದು.

ನಂದು ಜೆರಾಕ್ಸ್, ಸ್ಟೇಷನರಿ ವ್ಯಾಪಾರ ಅಂತ ನಿಂಗೆ ಗೊತ್ತಲ್ಲ, ಸ್ಕೂಲ್‌ನೋರು ಎಷ್ಟು ಹೋಮ್‌ವರ್ಕ್ ಕೊಟ್ರೆ ನಂಗೆ ಅಷ್ಟು ಲಾಭ, ಆದ್ರೂ ಹೇಳ್ತಿದ್ದೀನಿ ಕೇಳು. ಭಾನುವಾರ ರಾತ್ರಿ ಶಟರ್ ಅರ್ಧ ಎಳೆದಿರ್ತೀನಿ, ಅದರಡಿ ಬಗ್ಗಿ ಒಬ್ಬ ಒಳಗೆ ಬರ್ತಾನೆ, ಫೋನ್ ಮುಂದಕ್ಕೆ ಹಿಡೀತಾನೆ. ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ಮಿಸ್ ಹಾಕಿರ್ತಾರೆ, ಐದು ಡೊಮೆಸ್ಟಿಕ್ ಅನಿಮಲ್ಸ್ ಐದು ವೈಲ್ಡ್ ಅನಿಮಲ್ಸ್ ಅಂಟಿಸಿ ಹೆಸರು ಬರ್ಕೊಂಡು ಬನ್ನಿ ಅಂತ. ನನ್ನ ಕಂಪ್ಯೂಟರಲ್ಲಿ ಅದಕ್ಕೆ ರೆಡಿ ಫೈಲೇ ಇದೆ ಕಣೋ, ಒಂದು ಎ ಫೋರ್ ಶೀಟಲ್ಲಿ ಹತ್ತೂ ಬರ್ತವೆ, ಕೆಳಗೆ ಹೆಸರೂ ಪ್ರಿಂಟ್ ಆಗಿರ್ತದೆ, ಕಲರ್ ಪ್ರಿಂಟು ಇಪ್ಪತ್ತು ರೂಪಾಯಿ. ಅವನು ಅಲ್ಲೇ ನಿಂತ್ಕೊಂಡು ನನ್ನ ಕತ್ತರಿ ತಗೊಂಡು ಕಟ್ ಮಾಡ್ಕೊತಾನೆ, ಮನೆಗೆ ಹೋದ್ಮೇಲೆ ಹೆಂಡ್ತಿ ಅಂಟಿಸ್ತಾಳೆ, ಮಗು ಆಗ್ಲೇ ಮಲಗಿರ್ತದೆ. ಮಜಾ ಏನಂದ್ರೆ ಅವನ ಮನೆ ಮುಂದೆ ಎರಡು ಸೀಮೆಹಸು ಕಟ್ಟಿರ್ತಾನೆ, ದುಡ್ಡು ಕೊಟ್ಟು ನನ್ನ ಹತ್ರ ಹಸುವಿನ ಫೋಟೋ ತಗೊಂಡು ಹೋಗ್ತಾನೆ.

ನೀನು ಬೆಂಗಳೂರಲ್ಲಿ ಇದ್ದೀಯ, ಗಂಡ ಹೆಂಡ್ತಿ ಇಬ್ರೂ ಡಿಗ್ರಿ ಓದಿದ್ದೀರ, ಚಿನ್ನು ಪುಸ್ತಕ ನೀವೇ ಓದಿ ಹೇಳ್ತೀರ. ಇಲ್ಲಿ ಹಂಗಲ್ಲಪ್ಪ. ಅರ್ಧ ಊರು ಮನೇಲಿ ತೆಲುಗು ಮಾತಾಡ್ತದೆ, ರೀಲಿಂಗ್ ಮಾಡೋ, ಅಂದ್ರೆ ರೇಷ್ಮೆ ನೂಲು ತೆಗೆಯೋ ಮನೆಗಳಲ್ಲಿ ಜಾಸ್ತಿ ಉರ್ದು, ಬೀದೀಲಿ ಕನ್ನಡ, ಸ್ಕೂಲ್ ಡೈರೀಲಿ ಮಾತ್ರ ಇಂಗ್ಲಿಷು. ಯುಕೆಜಿ ಮಗು ಕೈ ಹಿಡ್ಕೊಂಡು ತಾಯಿ ಬರ್ತಾಳೆ, ಡೈರಿ ಬಿಚ್ಚಿ ನನ್ನ ಮುಂದೆ ಇಟ್ಟು "ಏಮಿ ರಾಸಿನಾರು ಚೂಡಪ್ಪಾ" ಅಂತಾಳೆ. ಜೆರಾಕ್ಸ್ ಮಾಡೋನು ನಾನು, ಮಿಸ್ ಏನು ಬರ್ದಿದ್ದಾರೆ ಅಂತ ಓದಿ ಹೇಳ್ಬೇಕು. ಮಾರನೇ ತಿಂಗಳು ಅದೇ ತಾಯಿ ಮಗೂನ ಟ್ಯೂಷನ್‌ಗೆ ಹಾಕ್ತಾಳೆ, ಟ್ಯೂಷನ್‌ನಲ್ಲಿ ಏನು ಮಾಡಿಸ್ತಾರೆ ಅಂದ್ರೆ ಅದೇ ಹೋಮ್‌ವರ್ಕು! ಸ್ಕೂಲಿಗೂ ದುಡ್ಡು, ಸ್ಕೂಲ್ ಕೊಟ್ಟ ಕೆಲಸ ಮುಗಿಸೋಕೂ ದುಡ್ಡು, ಆರು ವರ್ಷದ ಮಗು ಬೆಳಗ್ಗೆ ಎಂಟಕ್ಕೆ ವ್ಯಾನ್ ಹತ್ತಿದ್ರೆ ಮನೆಗೆ ಬರೋದು ದೀಪ ಹಚ್ಚೋ ಹೊತ್ತಿಗೆ. ನಾನು ಹೇಳೋದು ಇದೇ, ಸಣ್ಣ ಮಕ್ಕಳಿಗೆ ಕೊಡೋ ಹೋಮ್‌ವರ್ಕಲ್ಲಿ ಪರೀಕ್ಷೆ ಆಗೋದು ಮಗೂದಲ್ಲ, ಮನೇದು. ಓದಿರೋ ಮನೆ ಪಾಸು, ಓದದೇ ಇರೋ ಮನೆ ಫೇಲು.

ನಮ್ಮ ಚಿಕ್ಕಪ್ಪನ ಮಗನ ಮನೇಲಿ ರೇಷ್ಮೆ ಹುಳ ಸಾಕ್ತಾರಲ್ಲ, ಅವನ ಮಗಳು ಎರಡನೇ ಕ್ಲಾಸು. ನಾಲ್ಕನೇ ಜ್ವರ ಎದ್ದ ಮೇಲೆ, ಅಂದ್ರೆ ಕೊನೇ ಸಲ ಪೊರೆ ಬಿಟ್ಟ ಮೇಲೆ ಹುಳ ಹೆಂಗೆ ತಿಂತದೆ ನಿಂಗೇನು ಹೊಸದಾ, ಆ ಒಂದು ವಾರ ಮನೆಯೋರಿಗೆ ಊಟ ನಿದ್ದೆ ಒಂದೂ ಇರಲ್ಲ, ಸೊಪ್ಪು ಕೊಯ್ಯೋದು ಹಾಕೋದು, ಹುಳ ಹಣ್ಣಾಗ್ತಿದ್ದಂಗೆ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋದು. ಅಂಥ ಒಂದು ರಾತ್ರಿ ನಾನು ಹೋಗಿದ್ದೆ, ಆ ಮಗು ಚಂದ್ರಿಕೆ ಪಕ್ಕ ಚಾಪೆ ಹಾಕ್ಕೊಂಡು ನಾಲ್ಕು ಗೆರೆ ಬುಕ್ಕಲ್ಲಿ ಬರೀತಾ ಕೂತಿತ್ತು, ಅವರಮ್ಮ ಮಧ್ಯೆ ಒಂದು ಸಲ ಬಂದು ಎಷ್ಟಾಯ್ತೇ ಅಂತ ಪೇಜ್ ತಿರುಗಿಸಿ ನೋಡಿ ಹೋದ್ರು, ಸೊಪ್ಪಿನ ಕರೆ ಹತ್ತಿದ ಬೆರಳು, ಕಪ್ಪಗೆ ಗುರುತು ಬಿತ್ತು. ಆಮೇಲೆ ಬುಕ್ಕು ವಾಪಸ್ ಬಂದಾಗ ಆ ಗುರುತಿಗೆ ಕೆಂಪು ಇಂಕಲ್ಲಿ ಸುತ್ತು ಹಾಕಿ ನೀಟಾಗಿ ಬರೀಬೇಕು ಅಂತ ಬರ್ದಿದ್ರು. ಇದರಲ್ಲಿ ಕೆಟ್ಟೋರು ಅಂತ ಯಾರೂ ಇಲ್ಲ ಬಿಡು, ಆದ್ರೆ ನಂಗೆ ಹೊಟ್ಟೆ ಉರೀತು.

ಇನ್ನೊಂದು ಹೇಳ್ತೀನಿ. ಅದೇ ಬುಕ್ಕಲ್ಲಿ ಹಿಂದಿನ ಪೇಜ್ ನೋಡಿದ್ರೆ ಮಗು ಸಾಲಿನುದ್ದಕ್ಕೂ ಡಿ ಬರೆಯೋ ಜಾಗದಲ್ಲಿ ಬಿ ಬರ್ದಿದೆ, ಪೂರ್ತಿ ಪೇಜು, ಕೆಳಗೆ ಚೆನ್ನಾಗಿ ಒಂದು ರೈಟ್ ಮಾರ್ಕು! ಮಿಸ್‌ನ ಬೈಯೋಕೆ ಮನಸ್ಸು ಬರಲ್ಲ, ಕ್ಲಾಸಲ್ಲಿ ನಲವತ್ತು ಮಕ್ಕಳು, ಮೂರು ಸಬ್ಜೆಕ್ಟ್ ಅಂದ್ರೆ ದಿನಕ್ಕೆ ನೂರಿಪ್ಪತ್ತು ಬುಕ್ಕು, ಯಾರು ತಾನೇ ಸಾಲು ಸಾಲು ಓದ್ತಾರೆ. ಆದ್ರೆ ಮಗು ತಪ್ಪನ್ನೇ ಪೇಜ್ ತುಂಬ ಪ್ರಾಕ್ಟೀಸ್ ಮಾಡಿ ಗಟ್ಟಿ ಮಾಡ್ಕೊಂಡಂಗಾಯ್ತಲ್ಲ? ಅದೇ ತಪ್ಪು ಕ್ಲಾಸಲ್ಲಿ ಮಿಸ್ ಕಣ್ಣೆದುರಿಗೆ ಆಗಿದ್ರೆ ಎರಡನೇ ಅಕ್ಷರಕ್ಕೇ ತಿದ್ತಿದ್ರು.

ಕೊಡಬಾರ್ದು ಅಂತ ನಾನೊಬ್ಬನೇ ಹೇಳ್ತಿರೋದಲ್ಲ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮಿನೇಟ್ ಆಗಿದ್ರಲ್ಲ, 1989ರಲ್ಲಿ ಅಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಬ್ಯಾಗಿನ ಭಾರದ ಬಗ್ಗೇನೇ. ಆಮೇಲೆ ಪ್ರೊಫೆಸರ್ ಯಶಪಾಲ್ ಕಮಿಟಿ ಆಯ್ತು, 1993ರಲ್ಲಿ ರಿಪೋರ್ಟ್ ಕೊಟ್ರು, ಬ್ಯಾಗಿನ ತೂಕಕ್ಕಿಂತ ಅರ್ಥ ಆಗದೇ ಇರೋದನ್ನ ಹೊರೋದೇ ದೊಡ್ಡ ಹೊರೆ ಅಂದ್ರು, ಪ್ರೈಮರಿ ಮಕ್ಕಳಿಗೆ ಹೋಮ್‌ವರ್ಕೇ ಬೇಡ, ಮನೆ ಸುತ್ತಮುತ್ತ ನೋಡಿ ತಿಳ್ಕೊಳೋ ಕೆಲಸ ಇದ್ರೆ ಅದನ್ನ ಮಾತ್ರ ಕೊಡಿ ಅಂದ್ರು. ಆ ಸೀಮೆಹಸು ಕಟ್ಟಿರೋನ ಮಗಂಗೆ ಹಸು ದಿನಕ್ಕೆ ಎಷ್ಟು ಲೀಟರ್ ಕೊಡ್ತದೆ ಕೇಳ್ಕೊಂಡು ಬಾ ಅಂದಿದ್ರೆ ನನ್ನ ಇಪ್ಪತ್ತು ರೂಪಾಯಿ ಹೋಗ್ತಿತ್ತು, ಅಷ್ಟೇ. 2018ರಲ್ಲಿ ಮದ್ರಾಸ್ ಹೈಕೋರ್ಟ್ ಒಂದನೇ, ಎರಡನೇ ಕ್ಲಾಸಿಗೆ ಹೋಮ್‌ವರ್ಕ್ ಕೊಡಂಗಿಲ್ಲ ಅಂತ ಆರ್ಡರ್ ಮಾಡ್ತು. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ಪಾಲಿಸಿಯಲ್ಲೂ ಅದೇ ಇದೆ, ಎರಡನೇ ಕ್ಲಾಸ್‌ವರೆಗೂ ಇಲ್ಲ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚಂದ್ರೆ ಎರಡು ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ. ಅಂದ್ರೆ ನಿಮ್ಮ ಸ್ಕೂಲ್‌ನೋರು ಸೋಮಾರಿತನ ಮಾಡ್ತಿಲ್ಲ ಕಣೋ, ರೂಲ್ಸ್ ಪ್ರಕಾರ ಇದ್ದಾರೆ. ಎದುರುಮನೆ ಮಗು ಸ್ಕೂಲೇ ರೂಲ್ಸ್ ಮೀರ್ತಿರೋದು.

ಮಾರ್ಕ್ಸ್ ಬರಲ್ವಾ ಅಂತ ಕೇಳ್ತೀಯ ಗೊತ್ತು. ಅಮೆರಿಕಾದ ಡ್ಯೂಕ್ ಯೂನಿವರ್ಸಿಟಿಯ ಹ್ಯಾರಿಸ್ ಕೂಪರ್ ಅನ್ನೋರು ಹೋಮ್‌ವರ್ಕ್ ಬಗ್ಗೆ ಆಗಿದ್ದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು 2006ರಲ್ಲಿ ನೋಡಿದ್ರು, ದೊಡ್ಡ ಕ್ಲಾಸಿನ ಮಕ್ಕಳಲ್ಲಿ ಹೋಮ್‌ವರ್ಕಿಗೂ ಮಾರ್ಕ್ಸಿಗೂ ಸಂಬಂಧ ಕಾಣ್ತದೆ, ಪ್ರೈಮರೀಲಿ ಹತ್ತಿರ ಹತ್ತಿರ ಇಲ್ವೇ ಇಲ್ಲ ಅನ್ನೋಷ್ಟು. ಆ ಯಪ್ಪ ಹೋಮ್‌ವರ್ಕ್ ವಿರೋಧಿನೂ ಅಲ್ಲ, ಕ್ಲಾಸಿಗೆ ಹತ್ತು ನಿಮಿಷದ ಲೆಕ್ಕ ಸಾಕು ಅಂತಾರೆ, ಒಂದನೇ ಕ್ಲಾಸಿಗೆ ಹತ್ತು, ಎರಡಕ್ಕೆ ಇಪ್ಪತ್ತು.

ನಮ್ಮ ಸರ್ಕಾರಿ ಸ್ಕೂಲಲ್ಲಿ ನಲಿ ಕಲಿ ಇದೆಯಲ್ಲ ಒಂದರಿಂದ ಮೂರಕ್ಕೆ, ಜನ ಅದನ್ನ ಬರೀ ಆಟ ಅಂತ ಆಡ್ಕೊತಾರೆ. ಒಂದು ಸಲ ಒಳಗೆ ಹೋಗಿ ನೋಡು. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತು ಕಾರ್ಡ್ ತಗೊಂಡು ಬರೀತಿರ್ತಾರೆ, ಗೋಡೆಗೆ ಮಕ್ಕಳ ಎತ್ತರಕ್ಕೇ ಕಪ್ಪು ಹಲಗೆ, ಒಂದು ಮೆಟ್ಲು ಬಂದ ಮೇಲೇ ಮುಂದಿನ ಕಾರ್ಡು, ಮನೇಲಿ ಮಾಡ್ಬೇಕಾದ ಪ್ರಾಕ್ಟೀಸೆಲ್ಲ ಅಲ್ಲೇ ಮೇಷ್ಟ್ರ ಮುಂದೆ ಮುಗೀತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರು ಮಾಡಿದ್ರು, ಆದ್ರೆ ಐಡಿಯಾ ಬಂದಿದ್ದು ಮದನಪಲ್ಲಿ ಹತ್ರದ ರಿಷಿವ್ಯಾಲಿ ಸ್ಕೂಲಿಂದ, ನಮಗೆ ಚಿಂತಾಮಣಿ ದಾಟಿದ್ರೆ ಸಿಗೋ ಊರು! ಎಲ್ಲ ಸ್ಕೂಲಲ್ಲೂ ಚೆನ್ನಾಗಿ ನಡೀತಿದೆ ಅಂತ ಸುಳ್ಳು ಹೇಳಲ್ಲ, ಒಬ್ರೇ ಟೀಚರ್ ಮೂರು ಕ್ಲಾಸ್ ನೋಡ್ಕೋಬೇಕಾದ ಕಡೆ ಕಷ್ಟ ಇದೆ. ಆದ್ರೆ ಲೆಕ್ಕಾಚಾರ ಸರಿ ಇದೆ.

ಸ್ಕೂಲ್‌ನೋರದ್ದೇ ತಪ್ಪು ಅನ್ನೋಕೂ ಆಗಲ್ಲ ಕಣೋ. ನನ್ನ ಹತ್ರ ಬುಕ್ಕು ತಗೊಳೋ ಮಿಸ್ ಒಬ್ರು ಹೇಳ್ತಿದ್ರು, ಒಂದು ದಿನ ಡೈರಿ ಖಾಲಿ ಕಳಿಸಿದ್ರೆ ಸಾಕು ಪೇರೆಂಟ್ಸ್ ನೇರವಾಗಿ ಮ್ಯಾನೇಜ್‌ಮೆಂಟ್ ಹತ್ರ ಹೋಗ್ತಾರಂತೆ. ಡಿಮ್ಯಾಂಡ್ ನಮ್ದೇ.

ಹಂಗಂತ ಮನೇಲಿ ಏನೂ ಮಾಡಿಸ್ಬೇಡ ಅಂತಲ್ಲ. ರಾತ್ರಿ ಹತ್ತು ನಿಮಿಷ ಚಿನ್ನುನ ಪಕ್ಕ ಕೂರಿಸ್ಕೊಂಡು ಒಂದು ಕತೆ ಪುಸ್ತಕ ಜೋರಾಗಿ ಓದು, ಅವನಿಗೆ ಬಂದಷ್ಟು ಅವನೂ ಓದ್ಲಿ. ಫೋನ್ ಆಚೆ ಇಟ್ಟು, ನಿನ್ನದೂ ಸೇರಿ. ಮೂರನೇ ಕ್ಲಾಸಿಗೆ ಬಂದ್ಮೇಲೆ ಮಗ್ಗಿ ಮಾತ್ರ ಬಾಯಿಪಾಠ ಆಗ್ಲೇಬೇಕು, ಅದರಲ್ಲಿ ನಾನು ಹಳೇ ಕಾಲದೋನೇ, ಯಾರು ಏನಾದ್ರೂ ಅಂದ್ಕೊಳ್ಲಿ.

ಸ್ಕೂಲ್ ಬದಲಾಯಿಸ್ಲೇಬೇಕು ಅಂದ್ರೆ ಹೋಮ್‌ವರ್ಕ್ ನೋಡಿ ಬದಲಾಯಿಸ್ಬೇಡ, ಬರೋ ಪೇರೆಂಟ್ಸ್ ಮೀಟಿಂಗಲ್ಲಿ ಕ್ಲಾಸಲ್ಲಿ ದಿನಾ ಎಷ್ಟು ಹೊತ್ತು ಮಗು ತಾನೇ ಓದ್ತದೆ, ಬರ್ದಿದ್ದನ್ನ ಯಾವಾಗ ಯಾರು ತಿದ್ತಾರೆ ಅಂತ ಕೇಳು. ಮನೇಲಿ ಅವನು ನೋಡೇ ಇರದ ಒಂದು ಸಣ್ಣ ಪುಸ್ತಕ ಕೊಟ್ಟು ಓದ್ಸು. ವರ್ಷದ ಕೊನೆಗೂ ಸುಲಭದ ಪದ ಓದೋಕೆ ಬರ್ಲಿಲ್ಲ ಅಂದ್ರೆ ಆಗ ಫೋನ್ ಮಾಡು, ನಾನೇ ಬಂದು ನಿನ್ನ ಜೊತೆ ಸ್ಕೂಲ್ ಹುಡುಕ್ತೀನಿ.

ಇದನ್ನ ತಂಗಿಗೆ ನೀನು ಓದಿ ಹೇಳೋಕೆ ಹೋಗ್ಬೇಡ, ಅವಳಿಗೇ ಕಳ್ಸು. ನೀನು ಹೇಳಿದ್ರೆ ಆ ಫೋನ್ ಆಚೆ ಇಡೋ ವಿಷ್ಯ ಬಿಟ್ಬಿಡ್ತೀಯ.

ನಿನ್ನ
ಜೆರಾಕ್ಸ್ ಅಂಗಡಿ ಗೆಳೆಯ